ಮಂಚದ ಎಡಗಡೆ

“ಎಡಗಡೆ,” ಎಂದಳು ಅಕ್ಕ. “ಅವನು ಎಡಗಡೆ, ನೀನು ಬಲಗಡೆ, ಗೋಡೆ ಪಕ್ಕ. ಎಲ್ಲಿ, ಇನ್ನೊಂದ್ಸಲ ಹೇಳು.”

“ಆಗ್ಲೇ ಹೇಳಿದ್ನಲ್ಲ,” ಎಂದಳು ತಂಗಿ.

“ನಿನ್ನ ಬಾಯಿ ನಂಗೊತ್ತು ಕಣೇ. ಅದಕ್ಕೇ ಇನ್ನೊಂದ್ಸಲ.”

ವಲಸೆ ಕಚೇರಿಯ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು, ಕಾಯಲು ಬಂದವರು ಹೋಗುವಾಗ ಹೊತ್ತುಕೊಂಡು ಹೋದಾರು ಎನ್ನುವ ಹಾಗೆ. ತಂಗಿಯ ಗಂಡ ಬನ್ನಪ್ಪ ಆಗಲೇ ಒಳಗೆ ಹೋಗಿದ್ದ. ಗಂಡನನ್ನು ಮೊದಲು, ಹೆಂಡತಿಯನ್ನು ಆಮೇಲೆ, ಬೇರೆ ಬೇರೆ ಕೂರಿಸಿ ಅವವೇ ಪ್ರಶ್ನೆ ಕೇಳುತ್ತಾರೆ. ಉತ್ತರ ಕೂಡಿ ಬಂದರೆ ಮದುವೆ ನಿಜ. ಅವಳಿಗೂ ಮಗಳಿಗೂ ಈ ದೇಶದಲ್ಲಿ ಕಾಯಂ ಆಗಿ ಇರಲು ಅಪ್ಪಣೆ. ಕೂಡದಿದ್ದರೆ ಕಾಗದಕ್ಕಾಗಿ ಕಟ್ಟಿಕೊಂಡ ಮದುವೆ. ಮಗಳ ಶಾಲೆ ಅರ್ಧಕ್ಕೇ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಅಕ್ಕ ಎಷ್ಟೋ ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಗೆದ್ದವಳು. ಹಾಗಾಗಿ ತಂಗಿಗೂ ಅವಳ ಗಂಡನಿಗೂ ಒಂದು ವಾರದಿಂದ ಪಾಠ ನಡೆದಿತ್ತು.

ಬನ್ನಪ್ಪ ಅನ್ನುವುದು ಮಗಳು ಇಟ್ಟ ಹೆಸರು. ಅವನು ರಾತ್ರಿ ಪಾಳಿಯ ಬೇಕರಿಯವನು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲು ಪಾಳಿ. ಮದುವೆಯ ರಿಜಿಸ್ಟರಿಗೆ ಸಹಿ ಹಾಕಿದ್ದೂ ಎರಡು ಪಾಳಿಯ ನಡುವೆ, ಅವನ ಕಿವಿಯ ಹಿಂದೆ ಮೈದಾ ಹಾಗೇ ಇರುವಾಗ. ಒಂದು ಕೋಣೆ, ಒಂದು ಮಂಚ; ಮಗಳಿಗೆ ಕೆಳಗೆ ಹಾಸಿಗೆ. ಬೆಳಿಗ್ಗೆ ಅವಳು ಎದ್ದು ಹೊರಡುವಾಗ ಅವನು ಬಂದು ಮಲಗುತ್ತಿದ್ದ; ಸಂಜೆ ಮೂವರೂ ಉಂಡ ಮೇಲೆ ಅವನು ಹೊರಟರೆ ಅವಳು ಮಲಗುತ್ತಿದ್ದಳು. ವಾರದ ರಜೆ ಇಬ್ಬರಿಗೂ ಒಂದೇ ದಿನ ಬಿದ್ದದ್ದಿಲ್ಲ. ಅವನ ರಜೆಯ ರಾತ್ರಿಗೂ ಬೇಕರಿಯಿಂದ ಬದಲಿ ಪಾಳಿಗೆ ಕರೆ ಬರುತ್ತಿತ್ತು. ಹೀಗಾಗಿ ಆ ಮಂಚಕ್ಕೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಇದ್ದದ್ದು ನಟ್ಟನಡುವೆ ಒಂದು ತಗ್ಗು, ಒಂದೇ ಒಂದು ದಿಂಬು.

“ಒಟ್ಟಿಗೆ ಮಲಗಲ್ಲ ಅಂತ ಹೇಳಿದ್ರೆ ಮುಗೀತು ಕತೆ,” ಎಂದಿದ್ದಳು ಅಕ್ಕ. ತಪಾಸಣೆಗೆ ಬಂದರೆ ಕಾಣಲಿ ಎಂದು ಹೊಸ ದಿಂಬೊಂದನ್ನು ತಂದು ಎಡಗಡೆ ಇಟ್ಟೂ ಹೋಗಿದ್ದಳು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ತೆಗೆದಿರಲಿಲ್ಲ.

ಬನ್ನಪ್ಪ ಹೊರಗೆ ಬಂದ. ಮುಖ ಬೆವರಿತ್ತು. ಅವಳನ್ನು ನೋಡಿ ಸಣ್ಣಗೆ ತಲೆ ಆಡಿಸಿದ. ಎಲ್ಲ ಹೇಳಿಕೊಟ್ಟ ಹಾಗೇ ಹೇಳಿದೆ ಅಂತ ಅದರ ಅರ್ಥ.

ಅಧಿಕಾರಿ ಅವಳ ವಯಸ್ಸಿನದೇ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಬಿಟ್ಟುಕೊಂಡಿದ್ದಳು.

“ನಿಮ್ಮ ಯಜಮಾನರು ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ತಾರೆ?”

“ಹಾಕ್ಕೊಳ್ಳಲ್ಲ. ಇಡೀ ರಾತ್ರಿ ಅದರ ವಾಸನೇಲೇ ಇರ್ತಾರಲ್ಲ, ಸಕ್ಕರೆ ಕಂಡ್ರೆ ಆಗಲ್ಲ.”

“ಸ್ವಲ್ಪ ಮೆಲ್ಲಗೆ ಮಾತಾಡಿ.”

“ಈ ಭಾಷೆ ಕಲಿತದ್ದೇ ಲಾಂಡ್ರೀಲಿ, ಮೇಡಂ. ಮೆಷಿನ್ ಸದ್ದಲ್ಲಿ. ಮೆಲ್ಲಗೆ ಬರಲ್ಲ.”

ಅಧಿಕಾರಿ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಹಾಳೆ ತಿರುವಿದಳು. “ಮಂಚದಲ್ಲಿ ಅವರು ಯಾವ ಕಡೆ ಮಲಗ್ತಾರೆ?”

ಎಡಗಡೆ. ಬಾಯಿ ತೆರೆದರೆ ಸಾಕು, ಮಾತು ತಾನಾಗಿ ಬೀಳುತ್ತಿತ್ತು. ಆದರೆ ಎಡಗಡೆ ಎಂದೊಡನೆ ಅವಳ ಕಣ್ಣ ಮುಂದೆ ಬಂದದ್ದು ಬನ್ನಪ್ಪನಲ್ಲ. ಎಡಗಡೆ ಮಲಗುತ್ತಿದ್ದವನು ಮೊದಲನೆಯ ಗಂಡ, ಮಗಳ ಅಪ್ಪ. ಮದುವೆ ಮುರಿಯುವವರೆಗೆ, ಒಂದು ರಾತ್ರಿಯೂ ತಪ್ಪದೆ, ಬೆನ್ನು ತಿರುಗಿಸಿಕೊಂಡು. ಆ ಮದುವೆಯ ಬಗ್ಗೆ ಕೇಳಿದ್ದರೆ ಇಂಥ ಪ್ರಶ್ನೆಗೆಲ್ಲ ನಿದ್ದೆಗಣ್ಣಲ್ಲೂ ಸರಿಯುತ್ತರ ಕೊಡುತ್ತಿದ್ದಳು. ಆ ಉತ್ತರವನ್ನು ತಂದು ಈ ಮನುಷ್ಯನಿಗೆ ಯಾಕೆ ಹಚ್ಚಬೇಕು?

“ನಡುವೆ,” ಎಂದಳು.

“ಏನು?”

“ನಟ್ಟನಡುವೆ. ನಾನೂ ನಡುವೆಯೇ. ಅವರು ಹಗಲು, ನಾನು ರಾತ್ರಿ. ನಾನೆದ್ದ ಬಿಸಿ ಆರೋ ಮೊದಲೇ ಬಂದು ಮಲಗ್ತಾರೆ.”

“ಅವರು ಎಡಗಡೆ ಅಂದಿದ್ದಾರೆ.”

“ಸುಳ್ಳು ಹೇಳಿದ್ದಾರೆ. ಹಾಗೇ ಬರ್ಕೊಳ್ಳಿ. ಸುಳ್ಳು ಹೇಳೋಕೂ ನಾವೇ ಒಂದು ವಾರ ಕೂತು ಕಲಿತದ್ದು. ನಾನು ಒಪ್ಪಿಕೊಂಡೇ ಬಂದೆ, ಈಗ ಬಾಯಿಗೆ ಬರ್ತಾ ಇಲ್ಲ.”

ಅಧಿಕಾರಿ ಪೆನ್ನು ಕೆಳಗಿಟ್ಟಳು. ಬಾಗಿಲು ತೆರೆದು ಬನ್ನಪ್ಪನನ್ನು ಕರೆದಳು. ಅವನು ಹೊಸ್ತಿಲಲ್ಲೇ ನಿಂತ. ಒಳಗಿನ ಮಾತು ಹೊರಗೆ ಕೇಳಿಸದೇ ಇರಲು ಸಾಧ್ಯವೇ ಇರಲಿಲ್ಲ. ಅವನ ಹಿಂದೆ ಅಕ್ಕ ಹಣೆ ಹಿಡಿದುಕೊಂಡು ಕೂತಿದ್ದು ಕಾಣುತ್ತಿತ್ತು.

“ಇನ್ನೊಮ್ಮೆ ಕೇಳ್ತೀನಿ. ಯಾವ ಕಡೆ?”

ಅವನು ಹೆಂಡತಿಯ ಮುಖ ನೋಡಿದ. ಅವಳು ಏನನ್ನೂ ಸೂಚಿಸಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

“ನಡುವೆ,” ಎಂದ.

“ಮೊದಲು ಎಡ ಅಂದಿರಿ.”

“ಮೊದಲು ಹೆದರಿದ್ದೆ.”

“ಈಗ?”

“ಈಗ್ಲೂ ಹೆದರಿಕೆ ಇದೆ, ಮೇಡಂ. ಆದ್ರೆ ಮಲಗೋದು ನಡುವೆಯೇ.”

ಅಧಿಕಾರಿ ಬಹಳ ಹೊತ್ತು ಬರೆದಳು. ಉತ್ತರ ಅಂಚೆಯಲ್ಲಿ ಬರುತ್ತದೆ, ಅದಕ್ಕೆ ಮುಂಚೆ ನಾವೇ ಮನೆಗೆ ಬಂದರೂ ಬರಬಹುದು, ಯಾವಾಗ ಎಂದು ಹೇಳುವುದಿಲ್ಲ ಎಂದಳು.

“ಬನ್ನಿ. ಯಾವಾಗ ಬಂದ್ರೂ ಒಬ್ರು ಮಲಗಿರ್ತೀವಿ,” ಎಂದು ಅವಳು ಎದ್ದಳು. “ಬಾಗಿಲು ಮಾತ್ರ ಮೆತ್ತಗೆ ತಟ್ಟಿ.”

ಬಸ್‌ಸ್ಟಾಪಿನವರೆಗೂ ಅಕ್ಕ ಇಬ್ಬರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಸ್ಸು ಕಂಡಾಗ ಅವಳ ಬೈಗುಳ ಶುರುವಾಯಿತು. “ಚೆನ್ನಾಗಿ ಮುಳುಗಿಸಿದ್ರಿ ಇಬ್ರೂ ಸೇರಿ. ಇಷ್ಟು ಕಲಿಸಿದ್ದಕ್ಕೆ ಒಂದು ಗೋಡೆಯಾದ್ರೂ ಕಲಿತಿರೋದು.”

“ಗೋಡೆಗೆ ಮದುವೆ ಆಗಿಲ್ಲವಲ್ಲ ಅಕ್ಕ.”

ಅಕ್ಕ ಬಿರುಸಾಗಿ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ತನ್ನ ಸ್ಟಾಪಿನಲ್ಲಿ ಇಳಿಯುವಾಗ ಮಾತ್ರ ತಂಗಿಯ ಭುಜದ ಮೇಲೆ ಕೈ ಒತ್ತಿ ಹೋದಳು.

ಮನೆಯಲ್ಲಿ ಯಾರೂ ಇರಲಿಲ್ಲ, ಮಗಳು ಬರಲು ಇನ್ನೂ ಹೊತ್ತಿತ್ತು. ಇಬ್ಬರೂ ಇಡೀ ದಿನಕ್ಕೆ ರಜೆ ಹಾಕಿದ್ದರು. ಅವನು ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಹಾಗೇ ಕಚೇರಿಗೆ ಬಂದವನು, ಕಣ್ಣು ಕೆಂಪಗಾಗಿತ್ತು. ಅವಳಿಗೂ ಕಾಲು ಸೋತಿತ್ತು. ಮಂಚದ ಆ ಬದಿ ಅವನು, ಈ ಬದಿ ಅವಳು, ಬೇರೆಯವರ ಮನೆಗೆ ಬಂದ ನೆಂಟರ ಹಾಗೆ ನಿಂತರು.

“ನೀನು ಮಲಗು,” ಎಂದ ಅವನು.

“ನೀವು ಮಲಗಿ. ನಿದ್ದೆ ಕೆಟ್ಟಿರೋದು ನಿಮಗೆ.”

ಅವನು ಚಪ್ಪಲಿ ಬಿಟ್ಟ, ಆದರೆ ಕೂರಲಿಲ್ಲ. ಅವಳು ಬಗ್ಗಿ ಎಡಗಡೆಯ ಹೊಸ ದಿಂಬನ್ನು ಎತ್ತಿದಳು. ಪ್ಲಾಸ್ಟಿಕ್ಕು ಚರಚರ ಎಂದಿತು. ಅದನ್ನು ಹಾಗೇ ಬೀರುವಿನ ಮೇಲಕ್ಕೆ ಎಸೆದು, ಹಳೆಯ ದಿಂಬನ್ನು ಅಡ್ಡಲಾಗಿ ತಿರುಗಿಸಿಟ್ಟಳು. ಇಬ್ಬರೂ ಒಂದೊಂದು ಅಂಚಿನಲ್ಲಿ ಮಲಗಿಕೊಂಡರು. ತಗ್ಗು ಇಬ್ಬರನ್ನೂ ನಿಧಾನವಾಗಿ ನಡುವಿಗೆ ಜಾರಿಸಿಕೊಂಡಿತು.