ಮಿಕ್ಕ ಅರ್ಧ ಮಾತು

ಊರಿಗೆ ಹೊಸದಾಗಿ ಬಂದವರಿಗೆ ಊರಿನ ಭಾಷೆ ಕಲಿಸುವ ಟೀಚರಮ್ಮನಿಗೆ ಒಂದು ಹೆಮ್ಮೆಯಿತ್ತು. ತನ್ನ ಕ್ಲಾಸಿನಲ್ಲಿ ಯಾರೂ ಮಾತಿಗೆ ತಡವರಿಸಿ ಪೇಚಿಗೆ ಸಿಕ್ಕುವುದಿಲ್ಲ ಎಂದು. ಸಿಕ್ಕಲು ಅವಳು ಬಿಟ್ಟರೆ ತಾನೆ! ಯಾರಾದರೂ "ನನಗೆ ನಾಳೆ..." ಎಂದು ನಿಂತರೆ ಸಾಕು, "ರಜೆ ಬೇಕು" ಎಂದು ತಾನೇ ಮುಗಿಸಿಬಿಡುತ್ತಿದ್ದಳು. ಎಲ್ಲರೂ ತಲೆಯಾಡಿಸುತ್ತಿದ್ದರು. ರಜೆ ಬೇಡದವರೂ ಆಡಿಸುತ್ತಿದ್ದರು.

ಕ್ಲಾಸಿನಲ್ಲಿ ತೀರಾ ನಿಧಾನವಾಗಿ ಮಾತಾಡುವವಳಿಗೆ ಮೆಲ್ಲಮ್ಮ ಎಂಬ ಅಡ್ಡಹೆಸರು ಬಿದ್ದಿತ್ತು. ಬರೆಯುವ ಪರೀಕ್ಷೆಯಲ್ಲಿ ಮಾತ್ರ ಅವಳೇ ಮೊದಲು. ಅವಳಿಗೊಂದು ಕೆಲಸ ತುರ್ತಾಗಿ ಬೇಕಿತ್ತು. ಟೀಚರಮ್ಮನ ಅಕ್ಕನ ಬ್ರೆಡ್ ಅಂಗಡಿಯ ಕೌಂಟರಿಗೆ ಒಬ್ಬರು ಬೇಕಿದ್ದರು. "ಕಣ್ಣು ಮುಚ್ಚಿ ತಗೋ ಅಕ್ಕ" ಎಂದು ಹೇಳಿ ಟೀಚರಮ್ಮ ಅವಳನ್ನು ಕಳಿಸಿಕೊಟ್ಟಳು.

ಮರುದಿನ ಟೀಚರಮ್ಮ ಅಂಗಡಿಗೆ ಕಾಲಿಡುತ್ತಿದ್ದಂತೆ ಅಕ್ಕ ಹಿಟ್ಟಿನ ಕೈಯಲ್ಲೇ ಶುರುಮಾಡಿದಳು.

"ಎಂಥವಳನ್ನ ಕಳಿಸಿದ್ಯೇ ನೀನು! ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ ಅಂತ ಕೇಳಿದೆ. 'ನಾನು ಮೊದಲು...' ಅಂದು ನನ್ನ ಮುಖ ನೋಡ್ಕೊಂಡು ನಗ್ತಾ ನಿಂತುಬಿಟ್ಲು. ನಾನೂ ಕಾದೆ, ಗಿರಾಕಿಗಳೂ ಕಾದ್ರು. ಏನು ಕೇಳಿದ್ರೂ ಅದೇ ಕತೆ. ತಲೆ ಸರಿ ಇಲ್ವೇನೋ ಪಾಪ ಅಂತ ವಾಪಸ್ ಕಳಿಸಿದೆ."

ಆ ನಗು ಟೀಚರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಅದನ್ನು ಕಂಡ ಕೂಡಲೇ ಮಿಕ್ಕ ಅರ್ಧ ಮಾತು ಒದಗಿಸುತ್ತಿದ್ದವಳು ಅವಳೇ. ತಪ್ಪು ನನ್ನದು ಅಕ್ಕ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. "ಹೆದರಿರಬೇಕು ಬಿಡು" ಎಂದು ಅಕ್ಕನ ಜೊತೆ ತಾನೂ ನಕ್ಕಳು. ಆಮೇಲೆ ದಾರಿಯುದ್ದಕ್ಕೂ ತನಗೆ ತಾನೇ ಶಾಪ ಹಾಕಿಕೊಂಡಳು.

ಕ್ಲಾಸಿನಲ್ಲಿ ಮೆಲ್ಲಮ್ಮ ಎದ್ದು ನಿಂತಳು. "ಟೀಚರ್, ನಿನ್ನೆ ಅಂಗಡೀಲಿ ನಾನು..."

ಅಷ್ಟಕ್ಕೇ ನಿಲ್ಲಿಸಿ ನಕ್ಕಳು.

'ಹೆದರಿದೆ' ಎಂಬುದು ಟೀಚರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಹಿಡಿದಳು. ಕ್ಲಾಸಿಗೆ ಗಾಬರಿಯಾಯಿತು. ಟೀಚರಿಗೆ ಮೈ ಸರಿಯಿಲ್ಲವೇನೋ ಎಂದು ಹಿಂದಿನ ಬೆಂಚಿನ ಡ್ರೈವರ್ ನೀರಿನ ಬಾಟಲಿ ಚಾಚಿದ. ಮೆಲ್ಲಮ್ಮನ ಮುಖದಲ್ಲಿ ನಗು ಆರಿತು. ಎದುರಿನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದೊಂದೇ ಮಾತು ಹೊರಗೆ ತೆಗೆದಳು.

"ನಾನು... ಹೆದರಲಿಲ್ಲ. ಮಾತು ಗೊತ್ತಿತ್ತು. ಅವರು ಹೇಳ್ತಾರೆ ಅಂತ... ಕಾದೆ. ನೀವು ಹೇಳೋ ಹಾಗೆ."

ಅದರಲ್ಲಿ ದೂರೇನೂ ಇರಲಿಲ್ಲ. ಇದ್ದಿದ್ದರೆ ಟೀಚರಮ್ಮನಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

"ಕ್ಷಮಿಸಿ, ನಾನು..." ಎಂದಳು. ಅಷ್ಟಕ್ಕೇ ನಿಂತಳು. ಇಡೀ ಕ್ಲಾಸು ಅವಳ ಮುಖವನ್ನೇ ನೋಡುತ್ತಾ ಕಾಯುತ್ತಿತ್ತು. ಯಾರೂ ಮುಗಿಸಿಕೊಡಲಿಲ್ಲ.

"ನಿಮ್ಮ ಕೆಲಸ ಕೆಡಿಸಿದವಳು ನಾನು" ಎಂದಳು ಕೊನೆಗೆ. "ಅಕ್ಕನ ಮುಂದೆ ಬಾಯಿ ಬಿಡಲಿಲ್ಲ. ನಿಮ್ಮನ್ನ ಆಡಿಕೊಂಡು... ನಕ್ಕೂ ಬಂದೆ."