ಹಾಜರಿ ಹಾಳೆ

ವರದಿಯ ಕೊನೆಯ ಪುಟದಲ್ಲಿ ಅವಳ ಸಹಿ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ, 'ಹಳೆಯ ಕಲ್ಲುಗಣಿಯ ಜಾಗ ವಾಸಕ್ಕೆ ಯೋಗ್ಯವೆಂದು ತಜ್ಞರ ಸಮಿತಿ ಒಮ್ಮತದಿಂದ ಅಭಿಪ್ರಾಯಪಟ್ಟಿದೆ.' ಕೆಳಗೆ ಏಳು ಸಹಿ. ಮೂರನೆಯದು, ಉದ್ದಕ್ಕೆ ಎಳೆದ ಬಾಲವೂ ಸೇರಿ, ಅಪ್ಪಟ ಅವಳದೇ.

ಭೂವಿಜ್ಞಾನಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಆ ಗಣಿಯ ಗುಂಡಿಯನ್ನು ಕಸ, ಒಡೆದ ಇಟ್ಟಿಗೆ ಸುರಿದು ತುಂಬಿಸಿದ್ದರು. ಅದರ ಮೇಲೆ ಮನೆ ಎಬ್ಬಿಸಿ, ಬಣ್ಣವನ್ನೂ ಬಳಿದಾದ ಮೇಲೆ, ನೆಲ ಹೇಗಿದೆ ಎಂದು ಕೇಳಲು ಸಮಿತಿ ಮಾಡಿದ್ದರು ಬುದ್ಧಿವಂತರು. ಹನ್ನೊಂದು ಕಡೆ ಕೊರೆಸಿದರೂ ಅವಳಿಗೆ ಗಟ್ಟಿ ನೆಲ ಸಿಕ್ಕಿರಲಿಲ್ಲ. ಎರಡು ಮಳೆಗಾಲಕ್ಕೆ ಗೋಡೆ ಬಿರಿಯುತ್ತದೆ, ಮೂರನೆಯದಕ್ಕೆ ಮನೆ ಕುಸಿಯುತ್ತದೆ ಎಂದು ಸಭೆಯಲ್ಲಿ ಗಂಟಲು ಹರಿದುಕೊಂಡಿದ್ದಳು.

ಹೊಳೆಯಂಚಿನ ನಲವತ್ತು ಸಂಸಾರಗಳು ಅಲ್ಲಿಗೆ ಹೋಗಬೇಕಿತ್ತು. ಅದರಲ್ಲಿ ಅವಳ ಅಕ್ಕನದೂ ಒಂದು. ಸಮಿತಿಯ ಮಾತು ಹೊರಗೆ ಆಡಬಾರದೆಂಬ ನಿಯಮಕ್ಕೆ ಕಟ್ಟುಬಿದ್ದು ಅಕ್ಕನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಒಂದು ತಿಂಗಳು ಫೋನೂ ಸಿಗದ ಕಾಡಿನಲ್ಲಿ ಸಮೀಕ್ಷೆ. ಮೇಷ್ಟ್ರು ಇದ್ದಾರಲ್ಲ ಎಂಬ ಧೈರ್ಯ ಬೇರೆ.

ಸಮಿತಿಯ ಅಧ್ಯಕ್ಷರೇ ಆ ಮೇಷ್ಟ್ರು, ಅವಳಿಗೆ ಪಾಠ ಹೇಳಿದವರು. ವರದಿ ಹಿಡಿದು ನೇರ ಅವರ ಕೋಣೆಗೆ ನುಗ್ಗಿದಳು.

"ಸಾರ್, ಇದಕ್ಕೆ ನಾನು ಸಹಿ ಹಾಕೇ ಇಲ್ಲ."

"ಹಾಕಿದ್ದೀಯಲ್ಲಮ್ಮ. ಸಭೆಗೆ ಬಂದಾಗ ಹಾಜರಿ ಹಾಳೆಗೆ ಹಾಕಲಿಲ್ವಾ?" ಮೇಷ್ಟ್ರು ತಲೆ ಎತ್ತಲಿಲ್ಲ.

"ಅದು ಬಂದಿದ್ದಕ್ಕೆ ಹಾಕಿದ್ದು, ಒಪ್ಪಿದ್ದಕ್ಕಲ್ಲ. ನಾನು ಬರೆದಿದ್ದೆಲ್ಲ ಎಲ್ಲಿ?"

"ಅನುಬಂಧದಲ್ಲಿದೆ. ಅನುಬಂಧ ಅಚ್ಚು ಹಾಕಿಸಿಲ್ಲ, ಅಷ್ಟೆ. ನಾವು ಸಲಹೆ ಕೊಡೋರು, ತೀರ್ಮಾನ ಮಂತ್ರಿಗಳದ್ದು."

"ನನ್ನ ಸಲಹೆ ಬೇಡ ಅಂದ್ರೆ ಬಿಡಬಹುದಿತ್ತು. ಹೆಸರು ಯಾಕೆ ಬೇಕಾಯ್ತು?"

ಮೇಷ್ಟ್ರು ಪೆನ್ನಿನ ಮುಚ್ಚಳ ತಿರುಗಿಸುತ್ತ ಕುಳಿತರು. "ನಿನ್ನ ಹೆಸರು ಕಂಡ್ರೆ ಜನ ನಂಬ್ತಾರೆ. ಅದಕ್ಕೇ."

ಹೊಗಳುವ ಧಾಟಿಯಲ್ಲೇ ಹೇಳಿದರು, ಮಹಾನುಭಾವರು. ಇಪ್ಪತ್ತು ವರ್ಷ ಅವಳು ಕಣ್ಣುಮುಚ್ಚಿ ನಂಬಿದ್ದವರು ಬೆನ್ನು ತಟ್ಟುತ್ತಲೇ ಕತ್ತು ಕೊಯ್ದಿದ್ದರು. ಅವಳು ವರದಿ ಮಡಚಿಕೊಂಡು ಹೊರಬಿದ್ದಳು. ಅಳು ಬಂದದ್ದು ಮಾತ್ರ ಮೆಟ್ಟಿಲು ಇಳಿದ ಮೇಲೆ.

ಹೊಳೆಯಂಚಿನ ಬೀದಿಯಲ್ಲಿ ಆಗಲೇ ಲಾರಿ ನಿಂತಿತ್ತು. ಅಕ್ಕ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಯಾರೂ ಹೋಗೋದು ಬೇಡ ಅಕ್ಕ. ಆ ನೆಲ ನಿಲ್ಲಲ್ಲ."

"ಈಗ ಬಂದು ಹೇಳ್ತೀಯಲ್ಲೇ. ಈ ಬೀದಿಯವರ್ಯಾರೂ ಹೋಗೋಕೆ ಒಪ್ಪಿರಲಿಲ್ಲ. ನಾನೇ ಮನೆಮನೆಗೂ ಹೋಗಿ ನಿನ್ನ ಸಹಿ ತೋರಿಸ್ದೆ. ನನ್ನ ತಂಗಿ ಸುಳ್ಳಿಗೆ ಸಹಿ ಹಾಕೋಳಲ್ಲ ಅಂದೆ."

"ನಾನು ಅದಕ್ಕೆ ಹಾಕಿದ್ದಲ್ಲ. ಮೋಸ ಮಾಡಿದ್ದಾರೆ."

ಅಕ್ಕನ ಕೈ ಚೀಲದೊಳಗೇ ನಿಂತಿತು. ಬೀದಿಯ ಆ ತುದಿಯಲ್ಲಿ ಬುಲ್ಡೋಜರ್ ಆಗಲೇ ಆರು ಮನೆ ಕೆಡವಿ ಏಳನೆಯದರ ಮುಂದೆ ಗುರುಗುಡುತ್ತಿತ್ತು.

"ಹಾಗಾದ್ರೆ ನೀನೇ ಹೇಳು ಅವರಿಗೆ. ನನ್ನ ಬಾಯಲ್ಲಿ ಬರಲ್ಲ," ಎಂದಳು.

ಅವಳು ಹೊರಗೆ ಬಂದಳು. ಪಕ್ಕದ ಮನೆಯ ಬಾಗಿಲನ್ನೂ ಸೂರನ್ನೂ ಕಿತ್ತು ಲಾರಿಗೆ ಹೇರಿಯಾಗಿತ್ತು. ಆ ಮನೆಯ ಅಜ್ಜಿ ಅವಳನ್ನು ಕಂಡು ಮುಖವರಳಿಸಿದಳು.

"ಬಾ ತಾಯಿ. ನಿನ್ನ ನಂಬ್ಕೊಂಡೇ ಹೊರಟಿದ್ದೀವಿ."

ಅಜ್ಜಿ ಲಾರಿಯವನನ್ನು ಕರೆದು, ಸಾಮಾನಿನ ಮೇಲೆ ಬಿಗಿದಿದ್ದ ಒಂದೇ ಕುರ್ಚಿಯ ಹಗ್ಗ ಬಿಚ್ಚಿಸಿದಳು. ಅದನ್ನು ಕೆಳಗಿಳಿಸಿ, ಅಂಗೈಯಿಂದ ಧೂಳು ಒರೆಸಿ, ಬೀದಿಯ ನಡುವೆ ಅವಳಿಗಾಗಿ ಇಟ್ಟಳು.