ಬಲಭುಜದ ಬಾಣ

“ಗುರುತೆಲ್ಲಿ?”

ನರ್ಸು ಗಿಡ್ಡಕ್ಕನ ಆಸ್ಪತ್ರೆ ಗೌನನ್ನು ಕತ್ತಿನಿಂದ ಜಗ್ಗಿ ಬಲಭುಜ ನೋಡಿದಳು, ಎಡಭುಜ ನೋಡಿದಳು. “ನಿನ್ನೆ ಸಂಜೆ ಡಾಕ್ಟ್ರು ಪೆನ್ನಲ್ಲಿ ಬಾಣ ಹಾಕಿದ್ರಲ್ಲಮ್ಮ, ಎಲ್ಲಿ ಹೋಯ್ತು?”

“ಉಜ್ಜಿಬಿಟ್ಟೆ,” ಎಂದಳು ಗಿಡ್ಡಕ್ಕ.

“ಉಜ್ಜಿದ್ಯಾ? ಅದು ಹೋಗದೇ ಇರೋ ಇಂಕು ಕಣಮ್ಮ!”

“ನಮ್ ಕೈಗೆ ಸಿಕ್ಕಿ ಹೋಗದೇ ಇರೋದು ಯಾವುದಿದೆ ತಾಯಿ? ಸ್ವಲ್ಪ ಹೊತ್ತು ಹಿಡೀತು, ಅಷ್ಟೆ.”

ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಇದೇ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆಯುವ ಕಾರ್ಖಾನೆಯಲ್ಲಿ ಅವಳು ಹದಿನಾರು ವರ್ಷದಿಂದ ದುಡಿಯುತ್ತಿದ್ದಳು. ರಕ್ತದ್ದೋ ಔಷಧಿಯದೋ ಇಂಕಿನದೋ, ಕಲೆ ಯಾವುದೇ ಇರಲಿ, ಕಂಡರೆ ಕೈ ತಾನಾಗಿ ಸೋಪಿನ ಕಡೆ ಹೋಗುತ್ತಿತ್ತು. ಆಪರೇಷನ್ನಿಗೆ ಮುಂಚೆ ಚೆನ್ನಾಗಿ ಸ್ನಾನ ಮಾಡು ಅಂದಿದ್ದರು. ಕನ್ನಡಿಯಲ್ಲಿ ಭುಜದ ಕಪ್ಪು ಕಂಡಿತು. ಇನ್ನೇನು ಯೋಚನೆ!

“ಡಾಕ್ಟ್ರು ಬಂದು ಯಾವ ಭುಜ ಅಂತ ಮತ್ತೆ ಗುರುತು ಹಾಕೋವರೆಗೂ ನಿನ್ನ ಆಪರೇಷನ್ನಿಗೆ ಒಳಗೆ ಬಿಡಲ್ಲ. ಜೊತೆಗೆ ಯಾರು ಬಂದಿದಾರೆ?”

“ಜೊತೆ ಕೆಲಸದೋಳು ಒಬ್ಳು ಬರ್ತೀನಿ ಅಂದಿದ್ಲು. ಮೇಸ್ತ್ರಿ ಬಿಡ್ಲಿಲ್ವಂತೆ.”

“ಮನೆಯೋರು?”

ಗಿಡ್ಡಕ್ಕ ಪಕ್ಕದ ಮಂಚದ ಕಡೆ ನೋಡಿದಳು. ಅಲ್ಲಿದ್ದ ಹೆಂಗಸಿನ ಸುತ್ತ ಐದು ಜನ. ಬಿಸಿನೀರಿನ ಫ್ಲಾಸ್ಕನ್ನು ಯಾರು ಹಿಡಿದುಕೊಳ್ಳಬೇಕು ಎಂದು ಅವರೊಳಗೇ ಜಗಳ. ನರ್ಸು ಇನ್ನೊಮ್ಮೆ ಕೇಳಲಿಲ್ಲ. ಸಂಬಂಧಿಕರ ಹೆಸರು ಬರೆಯುವ ಜಾಗದಲ್ಲಿ ಅಡ್ಡಗೀಟು ಎಳೆದು ಹೋದಳು.

ಕಾರ್ಖಾನೆಯಲ್ಲಿ ಒದ್ದೆ ಶೀಟುಗಳನ್ನು ಹಿಂಡಿ, ತಲೆಯ ಮೇಲೆ ಓಡುವ ಚೈನಿನ ಕೊಕ್ಕೆಗಳಿಗೆ ಸಿಕ್ಕಿಸಬೇಕು. ಆ ಕೊಕ್ಕೆಗಳ ಎತ್ತರವನ್ನು ಯಾವನೋ ಉದ್ದನೆಯ ಗಂಡಸು ನಿಂತು ಗೊತ್ತುಮಾಡಿದ್ದ. ಕೆಳಗೆ ನಿಂತು ಕೈ ಎತ್ತಿದವರು ಮಾತ್ರ ಹೆಂಗಸರು. ಗಿಡ್ಡಕ್ಕ ಒಂದು ಸ್ಟೂಲು ಕೇಳಿದ್ದಳು. “ನೀನು ಹತ್ತಿ ಇಳಿಯೋದ್ರಲ್ಲಿ ಹತ್ತು ಶೀಟು ತಪ್ಪುತ್ತೆ. ಇವತ್ತು ಸ್ಟೂಲ್ ಕೊಟ್ರೆ ನಾಳೆ ಸಿಂಹಾಸನ ಕೇಳ್ತೀಯ,” ಎಂದಿದ್ದ ಮೇಸ್ತ್ರಿ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗುವೇ ಅವಳ ಭುಜದೊಳಗೆ ವರ್ಷಗಟ್ಟಲೆ ಉಜ್ಜುತ್ತ ಕೂತಿತು. ಚೈನು ಯಾರಿಗಾಗಿಯೂ ನಿಲ್ಲುವುದಿಲ್ಲ. ನೋವೆಂದು ಮುಖ ಕಿವುಚಿದವರನ್ನು ಮರುದಿನ ಕರೆಯುವುದಿಲ್ಲ. ಹಾಗಾಗಿ ಅವಳು ಮುಖ ಕಿವುಚುವುದನ್ನೇ ಮರೆತಿದ್ದಳು. ನಾಲ್ಕು ತಿಂಗಳು ಕಾಡಿ ಬೇಡಿ ರಜೆ ಸಿಕ್ಕಿತ್ತು. ಇವತ್ತು ತಪ್ಪಿದರೆ ಆಸ್ಪತ್ರೆಯಲ್ಲಿ ಅವಳ ಸರದಿ ಮತ್ತೆ ಯಾವಾಗಲೋ. ರಜೆಯಂತೂ ಮತ್ತೆ ಇಲ್ಲ.

ಡಾಕ್ಟರು ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಬಂದರು. “ನೀನೇನಾ ಕಲೆ ತೆಗೆಯೋ ಹೆಂಗಸು? ಎಲ್ಲಿ, ಬಲಗೈ ಮೇಲೆತ್ತು. ನಿಧಾನಕ್ಕೆ.”

ಅವಳು ಎತ್ತಿದಳು. ಸೊಂಟ ದಾಟಿತು. ಎದೆಯ ಮಟ್ಟಕ್ಕೆ ಬಂದಾಗ ಭುಜದ ಮೂಳೆಯ ಕೆಳಗೆ ಯಾರೋ ಗರಗಸ ಎಳೆದ ಹಾಗಾಯಿತು. ಅವಳ ಕೈಗೆ ಅಲ್ಲಿ ನಿಂತು ಅಭ್ಯಾಸವಿಲ್ಲ. ಅದು ಎಂದಿನಂತೆ ಕೊಕ್ಕೆಯ ಎತ್ತರದವರೆಗೂ ಹೋಯಿತು. ಮುಖ ಕಲ್ಲಿನ ಹಾಗಿತ್ತು.

ಡಾಕ್ಟರ ಹುಬ್ಬು ಮೇಲೇರಿತು. “ಪೂರ್ತಿ ಎತ್ತುತ್ತೀಯಲ್ಲ! ವಾಸಿಯಾಗಿಬಿಟ್ಟಿದೆಯೇನು? ಹೀಗಿದ್ರೆ ಆಪರೇಷನ್ ಯಾಕೆ? ಇನ್ನೊಂದು ಮೂರು ತಿಂಗಳು ವ್ಯಾಯಾಮ ಮಾಡ್ಕೊಂಡು ನೋಡೋಣ.” ನರ್ಸಿಗೆ ಕಡತ ಮುಚ್ಚುವಂತೆ ಸನ್ನೆ ಮಾಡಿದರು.

ಗಿಡ್ಡಕ್ಕನ ಕೈ ಇನ್ನೂ ಮೇಲೆಯೇ ಇತ್ತು. ಬಾಯಿ ತೆರೆದಳು. ಯಾರಿಗೂ ಹೇಳಿ ರೂಢಿಯಿಲ್ಲದ ಮಾತು. ಮನೆಯಲ್ಲಿ ಕೇಳುವವರಿರಲಿಲ್ಲ, ಕೆಲಸದಲ್ಲಿ ಹೇಳುವ ಹಾಗಿರಲಿಲ್ಲ.

“ನೋಯುತ್ತೆ,” ಎಂದಳು.

“ಏನಂದೆ?”

“ನೋಯುತ್ತೆ ಸಾರ್!” ಪಕ್ಕದ ಮಂಚದ ಐವರೂ ತಿರುಗಿ ನೋಡಿದರು. “ಈಗಲೂ ನೋಯ್ತಿದೆ. ತಲೆ ಬಾಚೋವಾಗ ನೋಯುತ್ತೆ. ಆ ಮಗ್ಗುಲಿಗೆ ಮಲಗಿದ್ರೆ ಜೀವ ಹೋಗುತ್ತೆ. ನೀವು ಎತ್ತು ಅಂದ್ರಿ, ಎತ್ತಿದೆ. ನಿಲ್ಲಿಸು ಅಂತ ನಂಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.”

ಡಾಕ್ಟರು ಅವಳ ಮೊಣಕೈಯ ಕೆಳಗೆ ತಮ್ಮ ಅಂಗೈ ಕೊಟ್ಟು, ಆ ಕೈಯನ್ನು ತಾವೇ ನಿಧಾನವಾಗಿ ಕೆಳಗಿಳಿಸಿದರು. ಎದೆಯ ಮಟ್ಟದಲ್ಲಿ ಅದು ನಡುಗಿದ್ದು ಅವರ ಅಂಗೈಗೆ ತಿಳಿಯಿತು. “ಅಲ್ಲೊಂದು ಮೂಳೆ ಕೊಕ್ಕೆ ಥರ ಬೆಳೆದು ಸ್ನಾಯುನ ಉಜ್ತಾ ಇದೆ. ಸಣ್ಣ ತೂತು ಮಾಡಿ ಅದನ್ನ ಕೆರೆದು ತೆಗೀತೀವಿ,” ಎಂದು ಪೆನ್ನು ತೆರೆದರು. “ಇದನ್ನ ಮಾತ್ರ ಉಜ್ಜಬೇಡ ಮಾರಾಯ್ತಿ.”

ಎಚ್ಚರವಾದಾಗ ಕೈ ಎದೆಗೆ ಕಟ್ಟಿಸಿಕೊಂಡು ಮಲಗಿತ್ತು. ಹೊದಿಸಿದ್ದ ಶೀಟಿನ ಮೂಲೆಯನ್ನು ಎಡಗೈಯಿಂದ ತಡವಿದಳು. ತಮ್ಮ ಕಾರ್ಖಾನೆಯ ಗುರುತಿನ ಕೆಂಪು ದಾರದ ಹೊಲಿಗೆ. ಒಂದು ಕಲೆಯೂ ಇರಲಿಲ್ಲ.

ಮನೆಗೆ ಬಂದ ನಾಲ್ಕನೆಯ ದಿನ ಮೇಸ್ತ್ರಿಯ ಫೋನು. “ಏನು ಗಿಡ್ಡಕ್ಕ, ಆರಾಮಾ? ಒಂದು ಕೈ ಇದೆಯಲ್ಲ, ನಾಳೆಯಿಂದ ಶೀಟು ಮಡಚೋಕೆ ಬಾ. ಕೂತು ಬೇಜಾರಾಗಿರುತ್ತೆ.”

ಬೇಜಾರಾಗಿದ್ದು ನಿಜ. ನಾಲ್ಕು ದಿನದಲ್ಲಿ ಮೊದಲು ಕೇಳಿದ ಮನುಷ್ಯರ ದನಿ ಅವನದೇ.

“ನೋಯುತ್ತೆ. ಆರು ವಾರ ಬರಲ್ಲ,” ಎಂದಳು.

“ಅಷ್ಟು ದಿನ ನಿನ್ನ ಜಾಗ ಖಾಲಿ ಇರುತ್ತೆ ಅಂದ್ಕೊಂಡಿದೀಯಾ?”

“ಗೊತ್ತಿಲ್ಲ. ನೋಯುತ್ತೆ.”

ಫೋನು ಇಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾದಂತಿತ್ತು. ಅವಳು ಬಚ್ಚಲಿಗೆ ಹೋಗಿ ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿ, ಸೋಪು ಹಚ್ಚಿ, ಎಡಗೈಯಿಂದಲೇ ಕತ್ತು ಒರೆಸಿಕೊಂಡಳು. ಕನ್ನಡಿಯಲ್ಲಿ ಪಟ್ಟಿಯ ಅಂಚಿನಿಂದ ಬಾಣದ ಕಪ್ಪು ಬಾಲ ಇಣುಕುತ್ತಿತ್ತು. ಬಟ್ಟೆ ಹಿಡಿದ ಕೈ ಅತ್ತ ಸರಿಯಿತು, ಅಲ್ಲೇ ನಿಂತಿತು. ಆಮೇಲೆ ಆ ಕಪ್ಪನ್ನು ಸುತ್ತು ಬಳಸಿ, ಅದರ ಆಚೆ ಈಚೆ ಮಾತ್ರ ಮೆಲ್ಲಗೆ ಒರೆಸತೊಡಗಿದಳು.